ಹಾಕನ್ ಹೆಸರಿನ ಕೇಪಿನ ಕೋವಿ: ಹಿತ್ತಾಳೆಗೆ ಸಿಟ್ಟು, ಬಕೆಟ್ಟಿಗೆ ಪ್ರೀತಿ

ಮಲೆನಾಡಿನವರಿಗೆ ಕೇಪಿನ ಕೋವಿ ಅಂದರೆ ಸಾಕು, ಜಾಸ್ತಿ ವಿವರಿಸಬೇಕಿಲ್ಲ. ಉಳಿದವರಿಗೆ: ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಬುಡದಲ್ಲಿ ಕೇಪು ಅನ್ನುವ ಸಿಡಿಯುವ ಪುಟ್ಟ ಟೋಪಿ ಇಟ್ಟು ಹೊಡೆಯುವ ಹಳೇ ಕಾಲದ ಬಂದೂಕು. ನಾನಿರುವುದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಹಾಕನ್ ಅಣ್ಣತಮ್ಮಂದಿರು ಕೋವಿ ಮಾಡುತ್ತಿದ್ದ ಊರು ಇದೇ. ಆ ಆಸೆಗೇ ಅವರ ಹೆಸರಿನ .50 ಕ್ಯಾಲಿಬರ್ (ನಳಿಗೆಯ ತೂತು ಅರ್ಧ ಇಂಚು) ನಕಲು ತರಿಸಿದೆ. 1968ರ ಕೇಂದ್ರ ಕಾನೂನು ಇಂಥದ್ದನ್ನು ಬಂದೂಕು ಅಂತಲೇ ಎಣಿಸುವುದಿಲ್ಲ. ಕೊರಿಯರ್‌ನವನು ಬಾಗಿಲಿಗೇ ತಂದಿಟ್ಟು ಹೋದ!

ಪೆಟ್ಟಿಗೆ ತೆಗೆದರೆ ಬರೀ ಹಿತ್ತಾಳೆ. ಟ್ರಿಗರ್ ಗಾರ್ಡ್, ಹಿಡಿಯ ತುದಿಯ ತಗಡು, ಪಕ್ಕದ ಪುಟ್ಟ ಡಬ್ಬಿ, ಎಲ್ಲ ಪೂಜೆ ಸಾಮಾನಿನ ಹಾಗೆ ಫಳಫಳ. ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ 1825ರಲ್ಲಿ ಜೊತೆಯಾದವರು. ತುಪ್ಪಳಕ್ಕಾಗಿ ಬೀವರ್ ಅನ್ನುವ ನೀರುಪ್ರಾಣಿ ಹಿಡಿಯಲು ರಾಕಿ ಬೆಟ್ಟಗಳಿಗೆ ಹೋಗುವವರಿಗೆ ಕೋವಿ ಮಾಡಿಕೊಟ್ಟು ಹೆಸರಾದರು. ಆ ಬೆಟ್ಟದ ಕೋವಿಗೆ ಕಬ್ಬಿಣದ ಸಾಮಾನು, ಮಂಕು ಬಣ್ಣ. ಬೇಟೆಗೆ ಹೊರಟವನಿಗೆ ಮಿಂಚುವ ಕೋವಿ ಯಾಕೆ ಬೇಕು, ಅಲ್ವಾ? ನಳಿಗೆಯನ್ನು ಮರಕ್ಕೆ ಹಿಡಿಸಲು ಅವರು ಎರಡು ಬೆಣೆ ಹಾಕುತ್ತಿದ್ದರು. ನನ್ನದಕ್ಕೆ ಒಂದೇ.

ಆ ಬೀವರ್ ಬೇಟೆಗಾರರಲ್ಲಿ ಹೆಸರಾದ ಜಿಮ್ ಬ್ರಿಡ್ಜರ್‌ನ ಹಾಕನ್ ಕೋವಿ ಮೊಂಟಾನಾದ ಹೆಲೆನಾದಲ್ಲಿ, ಅಲ್ಲಿನ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ. ನಳಿಗೆಯ ಮೇಲೆ ಸ್ಯಾಮ್ ಒಬ್ಬನದೇ ಮೊಹರು. ಜೇಕಬ್ 1849ರಲ್ಲಿ ಕಾಲರಾದಿಂದ ತೀರಿಕೊಂಡಿದ್ದ. ದಪ್ಪ ನಳಿಗೆ, ಸುಮ್ನೆ ಒಂದು ಅಲಂಕಾರ ಅಂತಿಲ್ಲ. ಅದರ ಫೋಟೊ ನೋಡಿ ನನ್ನದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಹೆಸರು ಹಾಕುವವರು ಕೆಲಸವನ್ನೂ ನೋಡಬೇಕಿತ್ತು.

ಆದರೂ ಮಾರಿಲ್ಲ. ಕಾರಣ, ತೊಳೆಯುವ ಕೆಲಸ.

ಕರಿಮದ್ದಿನ ಮಸಿ ತೇವ ಎಳೆದುಕೊಳ್ಳುತ್ತೆ. ಹೊಡೆದ ದಿನವೇ ತೊಳೆಯದಿದ್ದರೆ ಇಲ್ಲಿನ ಸೆಕೆಗೆ ತುಕ್ಕು ಗ್ಯಾರಂಟಿ. ಗುರಿ ಮೈದಾನದಿಂದ ಬಂದವನೇ ನೀರು ಕಾಯಿಸಲು ಇಡುತ್ತೇನೆ. ಬೆಣೆಯನ್ನು ಮೆಲ್ಲಗೆ ತಟ್ಟಿ ಹೊರಗೆ ತೆಗೆದು ನಳಿಗೆ ಎತ್ತಿದರೆ, ಬುಡದ ಕೊಕ್ಕೆ ಬಿಟ್ಟು ಪೂರ್ತಿ ಕೈಗೆ ಬರುತ್ತೆ. ಹಾಕನ್‌ಗಳ ಅಸಲಿ ಕೋವಿಯಲ್ಲೂ ಇದೇ ಏರ್ಪಾಡು. ಬುಡವನ್ನು ಬಕೆಟ್ಟಿನ ಬಿಸಿನೀರಿಗೆ ಇಳಿಸಿ, ಒಂದು ತೊಟ್ಟು ಪಾತ್ರೆ ಸೋಪು ಬಿಟ್ಟು, ಗಜದ (ನಳಿಗೆಯೊಳಗೆ ತೂರಿಸುವ ಕೋಲು) ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಬೇಕು. ಮೇಲೆಳೆದರೆ ಕೇಪು ಕೂರುವ ತೂತಿನಿಂದ ನೀರು ಒಳಗೆ ಬರುತ್ತೆ, ಕೆಳಗೊತ್ತಿದರೆ ಕಪ್ಪಗೆ ಬುಸ್ಸೆಂದು ಹೊರಗೆ. ಕೊಳೆತ ಮೊಟ್ಟೆಯ ನಾತ. ನೀರು ಬದಲಿಸುತ್ತಾ ಹೋದ ಹಾಗೆ ತಿಳಿಯಾಗುತ್ತೆ. ಅಷ್ಟರಲ್ಲಿ ನಳಿಗೆ ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ತಾನೇ ಒಣಗುತ್ತೆ. ಎಣ್ಣೆ ಸವರಿದರೆ ಮುಗಿಯಿತು. ಮನೆಯವರಿಗೆ ಆ ವಾಸನೆ ಆಗದು, ಹಾಗಾಗಿ ಗ್ಯಾರೇಜೇ ಗತಿ. ವಾರವೆಲ್ಲ ಪರದೆ ನೋಡಿ ಸೋತ ಕಣ್ಣಿಗೆ ಇದಕ್ಕಿಂತ ಒಳ್ಳೆ ಕೆಲಸ ನನಗೆ ಸಿಕ್ಕಿಲ್ಲ.

ಟ್ರಿಗರ್ ಎರಡು. ಹಿಂದಿನದು ಎಳೆದಿಟ್ಟರೆ ಮುಂದಿನದು ಮುಟ್ಟಿದರೆ ಸಾಕು, ಈಡು ಹಾರುತ್ತೆ. ಅದರ ಬಗ್ಗೆ ದೂರಿಲ್ಲ.

ಕಬ್ಬಿಣದ ಸಾಮಾನು, ಎರಡು ಬೆಣೆ ಹಾಕಿ ಕೈಯಲ್ಲೇ ಮಾಡಿಕೊಡುವವರು ಈಗಲೂ ಇದ್ದಾರೆ. ಆದರೆ ಬೆಲೆ ಸಾವಿರಾರು ಡಾಲರ್, ನನ್ನ ಜೇಬಿಗೆ ಆಗದ ಮಾತು. ಹಿತ್ತಾಳೆಗೆ ಪಾಲಿಶ್ ಹಾಕುವುದನ್ನು ಬಿಟ್ಟಿದ್ದೇನೆ, ತಾನಾಗಿ ಕಪ್ಪಾಗಲಿ. ಐದಕ್ಕೆ ಮೂರೂವರೆ ಸ್ಟಾರ್. ತಗೊಳ್ಳುವವರು ಕೇಪಿನ ಡಬ್ಬಿ ಕಂಡಾಗೆಲ್ಲ ಒಂದೆರಡು ಜಾಸ್ತಿ ತಂದಿಡಿ, ಬೇಕಾದಾಗ ಅಂಗಡಿಯಲ್ಲಿ ಇರಲ್ಲ.