ಟ್ಯಾಬ್ ಮೊದಲೇ ಇದೆ, ಈಗ ಫೋನು: ಐದು ಜೋಡಿಗಳ ಹೋಲಿಕೆ

ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂಎಎಚ್ ಎಂದು ವಿಚಾರಿಸುವವರೇ ಹೆಚ್ಚು. ಮನೆಯಲ್ಲಿರುವ ಟ್ಯಾಬ್ ಜೊತೆ ಅದು ಹೇಗೆ ಹೊಂದಿಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ. ದುಡ್ಡು ಉಳಿಸಲು ಸಿಮ್ ಇಲ್ಲದ ವೈಫೈ ಟ್ಯಾಬ್ ತಂದಿದ್ದರಂತೂ ಹೊಸ್ತಿಲು ದಾಟಿದ ಮೇಲೆ ಅದಕ್ಕೆ ಫೋನೇ ಗತಿ. ಇಂಟರ್‌ನೆಟ್ ಫೋನಿನದು, ಒಟಿಪಿ ಬರುವುದು ಫೋನಿಗೆ, ಫೋಟೊ ತೆಗೆಯುವುದು ಫೋನಿನಲ್ಲಿ.

ಇಲ್ಲಿ ಐದು ಜೋಡಿಗಳನ್ನು ಒಂದೇ ಕೆಲಸಗಳಿಗೆ ಹಚ್ಚಿ ನೋಡಲಾಗಿದೆ: ಐಪ್ಯಾಡ್ ಜೊತೆ ಐಫೋನ್, ಐಪ್ಯಾಡ್ ಜೊತೆ ಆಂಡ್ರಾಯ್ಡ್ ಫೋನು, ಗ್ಯಾಲಕ್ಸಿ ಟ್ಯಾಬ್ ಜೊತೆ ಗ್ಯಾಲಕ್ಸಿ ಫೋನು, ಆಂಡ್ರಾಯ್ಡ್ ಟ್ಯಾಬ್ ಜೊತೆ ಬೇರೆ ಕಂಪನಿಯ ಆಂಡ್ರಾಯ್ಡ್ ಫೋನು, ಕೊನೆಗೆ ಆಂಡ್ರಾಯ್ಡ್ ಟ್ಯಾಬ್ ಜೊತೆ ಐಫೋನ್. ಎರಡೂ ಒಂದೇ ಕಂಪನಿಯವಾದರೆ ಎಲ್ಲ ಸಲೀಸು ಎಂಬ ಮಾತು ಅರ್ಧ ನಿಜ. ಹಾಟ್‌ಸ್ಪಾಟ್ ತಾನಾಗಿ ಸಿಗುವುದು, ಸಿಮ್ಮಿನ ಕರೆ ಟ್ಯಾಬ್‌ನಲ್ಲಿ ಎತ್ತುವುದು, ಇಲ್ಲಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡುವುದು, ಈ ಮೂರಕ್ಕೆ ಕಂಪನಿ ಮುಖ್ಯ. ಮಿಕ್ಕ ಕೆಲಸಗಳಲ್ಲಿ ಅಂತರ ಈಗ ತುಂಬ ಕಡಿಮೆಯಾಗಿದೆ.

ಹಾಟ್‌ಸ್ಪಾಟ್: ಜೋಡಿಯ ನಿಜವಾದ ಪರೀಕ್ಷೆ

ಐಪ್ಯಾಡ್–ಐಫೋನ್ ಜೋಡಿಯಲ್ಲಿ ಫೋನನ್ನು ಜೇಬಿನಿಂದ ತೆಗೆಯಬೇಕಾಗಿಲ್ಲ. ಎರಡರಲ್ಲೂ ಒಂದೇ ಆಪಲ್ ಅಕೌಂಟ್, ವೈಫೈ ಮತ್ತು ಬ್ಲೂಟೂತ್ ಆನ್ ಇದ್ದರೆ ಐಪ್ಯಾಡ್‌ನ ವೈಫೈ ಪಟ್ಟಿಯಲ್ಲಿ ಐಫೋನ್ ಹೆಸರು ಕಾಣುತ್ತದೆ, ಒತ್ತಿದರೆ ಸೇರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಐಪ್ಯಾಡ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ 'ಆಟೋ-ಜಾಯಿನ್ ಹಾಟ್‌ಸ್ಪಾಟ್' ಎಂಬುದಿದೆ. ಅದನ್ನು 'ಆಟೋಮ್ಯಾಟಿಕ್' ಮಾಡುವುದಕ್ಕಿಂತ 'ಆಸ್ಕ್ ಟು ಜಾಯಿನ್' ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಮನೆಯ ವೈಫೈ ಕೈಕೊಟ್ಟಾಗ ಗೊತ್ತೇ ಆಗದಂತೆ ಫೋನಿನ ಡೇಟಾ ಕರಗುತ್ತದೆ.

ಗ್ಯಾಲಕ್ಸಿ ಜೋಡಿಯಲ್ಲಿ ಇದೇ ಕೆಲಸಕ್ಕೆ 'ಆಟೋ ಹಾಟ್‌ಸ್ಪಾಟ್' ಇದೆ. ಫೋನಿನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಮೊಬೈಲ್ ಹಾಟ್‌ಸ್ಪಾಟ್ ಆ್ಯಂಡ್ ಟೆದರಿಂಗ್ ಒಳಗೆ ಹೋಗಿ ಒಮ್ಮೆ ಆನ್ ಮಾಡಿದರೆ ಸಾಕು. ಎರಡರಲ್ಲೂ ಒಂದೇ ಸ್ಯಾಮ್‌ಸಂಗ್ ಅಕೌಂಟ್ ಇರಬೇಕು. ಗೂಗಲ್ ಅಕೌಂಟ್ ಒಂದೇ ಇದ್ದು, ಸ್ಯಾಮ್‌ಸಂಗ್ ಅಕೌಂಟ್‌ಗೆ ಲಾಗಿನ್ ಆಗದೆ 'ಕೆಲಸ ಮಾಡುತ್ತಿಲ್ಲ' ಎನ್ನುವವರೇ ಬಹಳ.

ಬೇರೆ ಬೇರೆ ಕಂಪನಿಯ ಆಂಡ್ರಾಯ್ಡ್ ಜೋಡಿಗೆ ಗೂಗಲ್ 2024ರಿಂದ ತನ್ನದೇ ಏರ್ಪಾಡು ಕೊಡುತ್ತಿದೆ. ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ 'ಕ್ರಾಸ್-ಡಿವೈಸ್ ಸರ್ವಿಸಸ್' ಹುಡುಕಿ, ಎರಡೂ ಉಪಕರಣಗಳನ್ನು ಒಂದೇ ಗುಂಪಿಗೆ ಸೇರಿಸಿ, ಇಂಟರ್‌ನೆಟ್ ಶೇರಿಂಗ್ ಆನ್ ಮಾಡಬೇಕು. ಆ ಮೆನು ಎರಡರಲ್ಲೂ ಇದ್ದರೆ ಸರಿ. ಒಂದರಲ್ಲಿ ಇಲ್ಲದಿದ್ದರೆ ಹಳೆಯ ಪದ್ಧತಿಯಂತೆ ಕೈಯಾರೆ ಹಾಟ್‌ಸ್ಪಾಟ್ ಆನ್ ಮಾಡಬೇಕು. ಒನ್‌ಪ್ಲಸ್, ಶಿಯೋಮಿ ಟ್ಯಾಬ್‌ಗಳೂ ತಮ್ಮದೇ ಕಂಪನಿಯ ಫೋನಿನಿಂದ ಡೇಟಾ ಎರವಲು ಪಡೆಯುತ್ತವೆ. 2023ರಲ್ಲಿ ಬಂದ ಮೊದಲ ಒನ್‌ಪ್ಲಸ್ ಪ್ಯಾಡ್‌ನಲ್ಲಿ ಸಿಮ್ ಇರಲಿಲ್ಲ, ಆ ಕೊರತೆಗೆ ಕಂಪನಿ ಮುಂದಿಟ್ಟ ಉತ್ತರವೇ ಈ ಸೌಲಭ್ಯ.

ಆಂಡ್ರಾಯ್ಡ್ ಟ್ಯಾಬ್‌ಗೆ ಐಫೋನ್ ಹಾಟ್‌ಸ್ಪಾಟ್ ಕೊಡುವುದು ಇವುಗಳಲ್ಲೆಲ್ಲ ಹೆಚ್ಚು ಕಿರಿಕಿರಿ. ಯಾರೂ ಸೇರದಿದ್ದರೆ ಐಫೋನ್ ಸ್ವಲ್ಪ ಹೊತ್ತಿನಲ್ಲೇ ಹಾಟ್‌ಸ್ಪಾಟ್ ಹೆಸರನ್ನು ಅಡಗಿಸಿಬಿಡುತ್ತದೆ. 'ಪರ್ಸನಲ್ ಹಾಟ್‌ಸ್ಪಾಟ್' ಪರದೆಯನ್ನು ತೆರೆದಿಟ್ಟುಕೊಂಡೇ ಟ್ಯಾಬ್‌ನಲ್ಲಿ ಹುಡುಕಬೇಕು. ಅಷ್ಟಾದರೂ ಕಾಣದಿದ್ದರೆ ಟ್ಯಾಬ್ ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿ (ಬ್ಯಾಂಡ್) ಮಾತ್ರ ಹಿಡಿಯುವಂಥದ್ದಿರಬಹುದು. ಐಫೋನ್ 12 ಮತ್ತು ನಂತರದವು ಸಾಮಾನ್ಯವಾಗಿ 5 ಗಿಗಾಹರ್ಟ್ಸ್‌ನಲ್ಲಿ ಹರಡುತ್ತವೆ, ಅದೇ ಪರದೆಯ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಒತ್ತಿದರೆ 2.4ಕ್ಕೆ ಇಳಿಯುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು 'ಬ್ಯಾಂಡ್' ಎಂಬಲ್ಲಿ ಬದಲಿಸಬೇಕು. ಹಳೆಯ ಟ್ಯಾಬ್ ಹೆಸರು ಕಂಡರೂ ಸೇರದಿದ್ದರೆ ಹಾಟ್‌ಸ್ಪಾಟ್‌ನ ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದೆಯೇ ನೋಡಿ, ಡಬ್ಲ್ಯೂಪಿಎ2 ಸೇರಿಸಿ.

ಅಭಿಮಾನಕ್ಕೆ ಫೋನಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಮಾತು: ವೈಫೈ ಹೆಸರಿನ ಮಿತಿ 32 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತಕ್ಷರ ಬಂದರೆ ಹಲಂತವೂ ಲೆಕ್ಕಕ್ಕೆ ಬರುತ್ತದೆ. ಅಂದರೆ 10 ಚಿಹ್ನೆಗಿಂತ ಉದ್ದದ ಹೆಸರು ಅದರಲ್ಲಿ ಹಿಡಿಸುವುದಿಲ್ಲ.

ದಿನಕ್ಕೆ 1.5 ಅಥವಾ 2 ಜಿಬಿಯ ಪ್ಯಾಕ್ ಇರುವವರು ಇನ್ನೊಂದು ಕಡೆ ಎಚ್ಚರ ವಹಿಸಬೇಕು. ಟ್ಯಾಬ್‌ಗೆ ಹಾಟ್‌ಸ್ಪಾಟ್ ಕೂಡ ವೈಫೈಯೇ, ಹಾಗಾಗಿ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲ ಶುರುವಾಗಬಹುದು. ಆಂಡ್ರಾಯ್ಡ್ ಫೋನು ತನ್ನ ಹಾಟ್‌ಸ್ಪಾಟ್ ಮಿತಿಯುಳ್ಳದ್ದೆಂದು ಆಂಡ್ರಾಯ್ಡ್ ಟ್ಯಾಬ್‌ಗೆ ತಾನೇ ತಿಳಿಸುತ್ತದೆ, ಐಫೋನ್ ಐಪ್ಯಾಡ್‌ಗೆ ತಿಳಿಸುತ್ತದೆ. ಜಾತಿ ಬೇರೆಯಾದಾಗ ಆ ಸೂಚನೆಯನ್ನು ನೆಚ್ಚಿಕೊಳ್ಳಬಾರದು. ಆಗ ಐಪ್ಯಾಡ್‌ನಲ್ಲಿ ಆ ನೆಟ್‌ವರ್ಕ್ ಹೆಸರಿನ ಪಕ್ಕದ 'ಐ' ಗುರುತು ಒತ್ತಿ 'ಲೋ ಡೇಟಾ ಮೋಡ್' ಆನ್ ಮಾಡಿ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಅದೇ ಜಾಗದಲ್ಲಿ 'ಮೀಟರ್ಡ್' ಆಯ್ಕೆ ಮಾಡಿ. ಒಮ್ಮೆ ಮಾಡಿದರೆ ಸಾಕು, ನೆನಪಿಟ್ಟುಕೊಳ್ಳುತ್ತದೆ.

ಫೋಟೊ, ವಿಡಿಯೊ, ಪಿಡಿಎಫ್ ದಾಟಿಸುವುದು

ಐಫೋನ್‌ನಿಂದ ಐಪ್ಯಾಡ್‌ಗೆ ಏರ್‌ಡ್ರಾಪ್, ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಕ್ವಿಕ್ ಶೇರ್. ಗೂಗಲ್‌ನ ನಿಯರ್‌ಬೈ ಶೇರ್ ಮತ್ತು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ 2024ರ ಜನವರಿಯಲ್ಲಿ ಒಂದಾದವು. ಅಲ್ಲಿಂದೀಚೆಗೆ ಗ್ಯಾಲಕ್ಸಿ ಟ್ಯಾಬ್‌ಗೆ ಫೈಲ್ ಕಳಿಸಲು ಗ್ಯಾಲಕ್ಸಿ ಫೋನೇ ಬೇಕೆಂದಿಲ್ಲ, ಮೋಟೊರೋಲಾ ಆದರೂ ಆಯಿತು, ವಿವೋ ಆದರೂ ಆಯಿತು. ಒಂದೇ ಗೂಗಲ್ ಅಕೌಂಟ್ ಇದ್ದು 'ಯುವರ್ ಡಿವೈಸಸ್' ಆರಿಸಿದ್ದರೆ 'ಸ್ವೀಕರಿಸಲೇ' ಎಂದು ಕೇಳದೆ ಇಳಿಯುತ್ತದೆ. ಈ ಕೆಲಸ ಒಂದಕ್ಕೇ ಒಂದೇ ಕಂಪನಿಯ ಫೋನು ಹುಡುಕುವುದು ವ್ಯರ್ಥ.

ಎರಡೂ ಕಡೆ ಕೈಕೊಡುವುದು ಹಾಟ್‌ಸ್ಪಾಟ್ ಆನ್ ಇದ್ದಾಗ. ಫೈಲ್ ದಾಟುವುದು ಎರಡು ಉಪಕರಣಗಳ ನಡುವಿನ ನೇರ ವೈಫೈ ಮೂಲಕ. ಅದೇ ರೇಡಿಯೊ ಹಾಟ್‌ಸ್ಪಾಟ್ ಹರಡುವುದರಲ್ಲಿ ನಿರತವಾಗಿದ್ದರೆ ಏರ್‌ಡ್ರಾಪ್‌ಗೆ ಎದುರಿನ ಉಪಕರಣ ಕಾಣುವುದೇ ಇಲ್ಲ, ಕ್ವಿಕ್ ಶೇರ್ ಕೆಲವು ಫೋನುಗಳಲ್ಲಿ ಬ್ಲೂಟೂತ್‌ಗೆ ಇಳಿದು ಆಮೆಯಂತೆ ತೆವಳುತ್ತದೆ. ಹಾಟ್‌ಸ್ಪಾಟ್ ಆಫ್ ಮಾಡಿ, ಫೈಲ್ ಕಳಿಸಿ, ಮತ್ತೆ ಆನ್ ಮಾಡುವುದೇ ಮದ್ದು. ಬ್ಯಾಟರಿ ಸೇವರ್ ಕೂಡ ಇದೇ ತೊಂದರೆ ಕೊಡುತ್ತದೆ.

ಐಪ್ಯಾಡ್‌ಗೆ ಆಂಡ್ರಾಯ್ಡ್‌ನಿಂದ ಕಳಿಸಲು ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಸಾಕಾಗುತ್ತದೆ. ಎರಡರಲ್ಲೂ ಹಾಕಿ, ಒಂದೇ ವೈಫೈನಲ್ಲಿರಿಸಿ. ಐಪ್ಯಾಡ್ ಕಾಣದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೋಕಲ್ ನೆಟ್‌ವರ್ಕ್ ಒಳಗೆ ಲೋಕಲ್‌ಸೆಂಡ್ ಆನ್ ಆಗಿದೆಯೇ ನೋಡಿ. ಕಳಿಸುವಷ್ಟು ಹೊತ್ತೂ ಐಪ್ಯಾಡ್‌ನಲ್ಲಿ ಆ್ಯಪ್ ತೆರೆದೇ ಇರಬೇಕು. ಹಾಸ್ಟೆಲ್, ಪಿಜಿ, ಕಾಲೇಜು ವೈಫೈಗಳಲ್ಲಿ ಒಂದು ಉಪಕರಣ ಇನ್ನೊಂದಕ್ಕೆ ಕಾಣದಂತೆ ರೌಟರ್‌ನಲ್ಲೇ ತಡೆ ಹಾಕಿರುವುದುಂಟು. ಅಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಐಪ್ಯಾಡ್ ಸೇರಿಸಿ ಕಳಿಸಿದರೆ ಆಯಿತು. ಫೈಲ್ ಓಡಾಡುವುದು ಅವೆರಡರ ನಡುವೆ ಮಾತ್ರ, ಪ್ಯಾಕ್‌ನ ಡೇಟಾ ಖರ್ಚಾಗುವುದಿಲ್ಲ.

ಗೂಗಲ್‌ನ ಪಿಕ್ಸೆಲ್ 10 ಫೋನು ಇದ್ದರೆ ಈ ತಾಪತ್ರಯವೂ ಬೇಡ. 2025ರ ನವೆಂಬರ್‌ನಲ್ಲಿ ಗೂಗಲ್ ಅದರ ಕ್ವಿಕ್ ಶೇರ್ ಅನ್ನು ಏರ್‌ಡ್ರಾಪ್ ಜೊತೆ ಮಾತಾಡುವಂತೆ ಮಾಡಿತು. ಐಪ್ಯಾಡ್‌ನಲ್ಲಿ ಏರ್‌ಡ್ರಾಪ್ ಅನ್ನು 'ಎವರಿಒನ್ ಫಾರ್ 10 ಮಿನಿಟ್ಸ್' ಮಾಡಿಟ್ಟುಕೊಳ್ಳಬೇಕು ಅಷ್ಟೆ.

ಕೇಬಲ್ ಹಾಕಿದರೆ ಆಗದೇ ಎಂದರೆ, ಐಪ್ಯಾಡ್‌ನ ಫೈಲ್ಸ್ ಆ್ಯಪ್‌ನಲ್ಲಿ ಆಂಡ್ರಾಯ್ಡ್ ಫೋನು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುವುದಿಲ್ಲ. ಯುಎಸ್‌ಬಿ-ಸಿ ಪೆನ್‌ಡ್ರೈವನ್ನೇ ನಡುವೆ ಇಟ್ಟುಕೊಳ್ಳಿ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಒಂದೇ ವಿಡಿಯೊ ಅದರಲ್ಲಿ ಕೂರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಐಫೋನ್ ಫೋಟೊಗಳು ಹಳೆಯ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ತೆರೆಯದಿದ್ದರೆ ಕಾರಣ ಎಚ್ಇಐಸಿ ಎಂಬ ಅದರ ಮಾದರಿ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿದರೆ ಮುಂದೆ ತೆಗೆಯುವ ಫೋಟೊಗಳು ಜೆಪೆಗ್ ಆಗುತ್ತವೆ. ಆಗಲೇ ತೆಗೆದವು ಬದಲಾಗುವುದಿಲ್ಲ.

ಕರೆ, ಎಸ್ಎಂಎಸ್, ಒಟಿಪಿ

ಐಪ್ಯಾಡ್–ಐಫೋನ್ ಇಲ್ಲಿ ಗೆಲ್ಲುತ್ತದೆ, ಗ್ಯಾಲಕ್ಸಿ ಜೋಡಿ ಅದರ ಹೆಗಲಿಗೆ ಹೆಗಲು. ಐಫೋನ್‌ನಲ್ಲಿ ಐಒಎಸ್ 18ರಿಂದ ದಾರಿ ಹೀಗೆ: ಸೆಟ್ಟಿಂಗ್ಸ್, ಆ್ಯಪ್ಸ್, ಫೋನ್, 'ಕಾಲ್ಸ್ ಆನ್ ಅದರ್ ಡಿವೈಸಸ್'. ಎಸ್ಎಂಎಸ್‌ಗೆ ಸೆಟ್ಟಿಂಗ್ಸ್, ಆ್ಯಪ್ಸ್, ಮೆಸೇಜಸ್, 'ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್'. ಕರೆಗೆ ಎರಡೂ ಒಂದೇ ವೈಫೈನಲ್ಲಿರಬೇಕು. ಗ್ಯಾಲಕ್ಸಿಯಲ್ಲಿ ಸೆಟ್ಟಿಂಗ್ಸ್, ಕನೆಕ್ಟೆಡ್ ಡಿವೈಸಸ್, 'ಕಾಲ್ ಆ್ಯಂಡ್ ಟೆಕ್ಸ್ಟ್ ಆನ್ ಅದರ್ ಡಿವೈಸಸ್'. ಇದರ ಹೆಚ್ಚುಗಾರಿಕೆ ಏನೆಂದರೆ ಫೋನು ಹತ್ತಿರವೇ ಇರಬೇಕೆಂದಿಲ್ಲ, ಎರಡಕ್ಕೂ ಇಂಟರ್‌ನೆಟ್ ಇದ್ದರೆ ನಡೆಯುತ್ತದೆ.

ಒಟಿಪಿ ಟ್ಯಾಬ್‌ಗೂ ಬರುವುದು ಅನುಕೂಲವೇನೋ ಸರಿ. ಆದರೆ ಮಕ್ಕಳು ಪಾಠಕ್ಕೆಂದು ಹಿಡಿದ ಟ್ಯಾಬ್‌ನ ಪರದೆಯ ಮೇಲೆ ಬ್ಯಾಂಕಿನ ಒಟಿಪಿ ಎಲ್ಲರಿಗೂ ಕಾಣುವಂತೆ ಬೀಳುತ್ತದೆ. ಮನೆಮಂದಿಯೆಲ್ಲ ಬಳಸುವ ಟ್ಯಾಬ್ ಆದರೆ ಕರೆ ಮಾತ್ರ ಹಂಚಿ, ಎಸ್ಎಂಎಸ್ ಫೋನಿನಲ್ಲೇ ಇರಲಿ. ಯುಪಿಐಗೆ ಹೇಗೂ ಫೋನೇ ಬೇಕು, ಸಿಮ್ ಇಲ್ಲದ ಟ್ಯಾಬ್‌ನಲ್ಲಿ ನೋಂದಣಿಯೇ ಆಗುವುದಿಲ್ಲ.

ಆಂಡ್ರಾಯ್ಡ್ ಫೋನಿನ ಎಸ್ಎಂಎಸ್ ಐಪ್ಯಾಡ್‌ನಲ್ಲೂ ಓದಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಫೋನಿನಲ್ಲಿ ಗೂಗಲ್ ಮೆಸೇಜಸ್ ಅನ್ನೇ ಮುಖ್ಯ ಆ್ಯಪ್ ಮಾಡಿ, ಪ್ರೊಫೈಲ್ ಚಿತ್ರ ಒತ್ತಿ 'ಡಿವೈಸ್ ಪೇರಿಂಗ್'ಗೆ ಹೋಗಿ, ಐಪ್ಯಾಡ್‌ನ ಬ್ರೌಸರ್‌ನಲ್ಲಿ ಗೂಗಲ್ ಮೆಸೇಜಸ್‌ನ ವೆಬ್ ಪುಟ ತೆರೆದು ಜೋಡಿಸಿ. ಇದರ ವಿರುದ್ಧ ದಿಕ್ಕಿಗೆ ದಾರಿಯಿಲ್ಲ: ಐಫೋನ್‌ನ ಎಸ್ಎಂಎಸ್ ಅನ್ನು ಆಂಡ್ರಾಯ್ಡ್ ಟ್ಯಾಬ್‌ಗೆ ತರಲು ಆಪಲ್ ಏನೂ ಕೊಟ್ಟಿಲ್ಲ.

ವಾಟ್ಸಾಪ್ ಮಟ್ಟಿಗೆ ಎಲ್ಲ ಜೋಡಿಗಳೂ ಈಗ ಒಂದೇ. ಐಪ್ಯಾಡ್‌ಗೆ ಅದರ ಆ್ಯಪ್ 2025ರ ಮೇ ತಿಂಗಳಲ್ಲಿ ಬಂತು. ಮುಖ್ಯ ಫೋನಿನ ಜೊತೆ ನಾಲ್ಕು ಉಪಕರಣ ಸೇರಿಸಬಹುದು. ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಟ್ಯಾಬ್‌ನಲ್ಲಿ ಲಾಗೌಟ್ ಆಗುತ್ತದೆ.

ಕಾಪಿ–ಪೇಸ್ಟ್, ಪೆನ್ನು, ಮ್ಯಾಪು, ಚಾರ್ಜರ್

ಫೋನಿನಲ್ಲಿ ಕಾಪಿ, ಟ್ಯಾಬ್‌ನಲ್ಲಿ ಪೇಸ್ಟ್ ಎಂಬುದು ಆಪಲ್ ಜೋಡಿಯಲ್ಲಿ 2016ರಿಂದಲೂ ಇದೆ, ಗ್ಯಾಲಕ್ಸಿ ಜೋಡಿಯಲ್ಲಿ 'ಕಂಟಿನ್ಯೂ ಆ್ಯಪ್ಸ್ ಆನ್ ಅದರ್ ಡಿವೈಸಸ್' ಆನ್ ಮಾಡಿದರೆ ಸಿಗುತ್ತದೆ. ಕನ್ನಡ ಯೂನಿಕೋಡ್ ಪಠ್ಯ ಎರಡರಲ್ಲೂ ಒತ್ತು, ಕೊಂಬು ಕೆಡದೆ ದಾಟುತ್ತದೆ. ಕಂಪನಿ ಬೇರೆಯಾದರೆ ಗೂಗಲ್ ಕೀಪ್‌ನಲ್ಲಿ ಒಂದು ಟಿಪ್ಪಣಿ ತೆರೆದಿಟ್ಟುಕೊಂಡು ಅದರಲ್ಲಿ ಹಾಕುವುದೇ ನಿರಾಯಾಸ.

ಕೈಬರಹದಲ್ಲಿ ಕನ್ನಡ ಬರೆಯುವವರಿಗೆ ಆಂಡ್ರಾಯ್ಡ್ ಒಳ್ಳೆಯದು. ಜಿಬೋರ್ಡ್‌ನ ಕನ್ನಡ ಹ್ಯಾಂಡ್‌ರೈಟಿಂಗ್ ಕೀಬೋರ್ಡ್ ಹಾಕಿಕೊಂಡು ಗ್ಯಾಲಕ್ಸಿ ಟ್ಯಾಬ್ ಎಸ್ ಸರಣಿಯ ಜೊತೆಯಲ್ಲೇ ಬರುವ ಎಸ್ ಪೆನ್‌ನಿಂದ ಬರೆದರೆ ಅಕ್ಷರವಾಗುತ್ತದೆ. ಅದೇ ಪೆನ್ನು ಗ್ಯಾಲಕ್ಸಿ ಎಸ್ ಅಲ್ಟ್ರಾ ಫೋನಿನ ಮೇಲೂ ಬರೆಯುತ್ತದೆ. ಆಪಲ್ ಪೆನ್ಸಿಲ್ ಐಫೋನ್ ಮೇಲೆ ಕೆಲಸ ಮಾಡುವುದಿಲ್ಲ.

ಕಾರಿನಲ್ಲಿ ದೊಡ್ಡ ಪರದೆಯ ಮೇಲೆ ದಾರಿ ನೋಡಬೇಕೆಂದಿದ್ದರೆ, ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇಲ್ಲ, ಸಿಮ್ ಇರುವ ಮಾದರಿಗೆ ಮಾತ್ರ ಇದೆ. ಗ್ಯಾಲಕ್ಸಿ ಟ್ಯಾಬ್ ಎಸ್ 9ರಂಥವುಗಳ ವೈಫೈ ಮಾದರಿಯಲ್ಲೂ ಜಿಪಿಎಸ್ ಇದೆ.

ಚಾರ್ಜರ್ ವಿಷಯದಲ್ಲಿ, ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳುವವರು 15 ಅಥವಾ ನಂತರದ್ದನ್ನೇ ನೋಡಿ. 14ರವರೆಗೆ ಲೈಟ್ನಿಂಗ್ ಪೋರ್ಟ್, ಯುಎಸ್‌ಬಿ-ಸಿ ಐಪ್ಯಾಡ್‌ನ ಕೇಬಲ್ ಅದಕ್ಕೆ ಹೋಗುವುದಿಲ್ಲ. ಒನ್‌ಪ್ಲಸ್, ಶಿಯೋಮಿ ಫೋನುಗಳ ಭಾರೀ ವಾಟ್‌ಗಳು ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದಾಗ ಮಾತ್ರ. ಬೇರೆ ಕಂಪನಿಯ ಟ್ಯಾಬ್‌ಗೆ ಅದೇ ಚಾರ್ಜರ್ ಚುಚ್ಚಿದರೆ ವೇಗ ಕುಸಿಯಬಹುದು. ಐಪ್ಯಾಡ್ ಮತ್ತು ಗ್ಯಾಲಕ್ಸಿ ಎರಡಕ್ಕೂ ಒಂದೇ ಚಾರ್ಜರ್ ಬೇಕೆಂದರೆ ಪಿಡಿ ಜೊತೆಗೆ ಪಿಪಿಎಸ್ (ಎರಡೂ ವೇಗದ ಚಾರ್ಜಿಂಗ್‌ನ ಸಾಮಾನ್ಯ ಪದ್ಧತಿಗಳು) ಎಂದೂ ಬರೆದಿರುವ 45 ವಾಟ್‌ನದ್ದು ತನ್ನಿ, ಕೇಬಲ್ 5 ಆ್ಯಂಪ್‌ನದ್ದಿರಲಿ.

ಯಾವುದನ್ನು ಕೊಳ್ಳುವುದು

ಐಪ್ಯಾಡ್‌ನಲ್ಲಿ ದಿನಕ್ಕೆ ಹಲವು ಗಂಟೆ ಕೆಲಸ ಮಾಡುವವರಿಗೆ, ಹೊರಗೆ ಒಯ್ಯುವವರಿಗೆ ಐಫೋನ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಐಪ್ಯಾಡ್ ಮನೆ ಬಿಟ್ಟು ಕದಲದಿದ್ದರೆ, ಅದರಲ್ಲಿ ನೋಡುವುದು ಪಾಠ, ಸಿನಿಮಾ, ಓದು ಇಷ್ಟೇ ಆದರೆ ಯಾವ ಆಂಡ್ರಾಯ್ಡ್ ಫೋನೂ ಸಾಕು. ಗ್ಯಾಲಕ್ಸಿ ಟ್ಯಾಬ್ ಇರುವವರಿಗೆ ಗ್ಯಾಲಕ್ಸಿ ಫೋನೇ ಮೊದಲ ಆಯ್ಕೆ. ಆಂಡ್ರಾಯ್ಡ್ ಟ್ಯಾಬ್ ಇಟ್ಟುಕೊಂಡು ಐಫೋನ್ ಕೊಳ್ಳುವುದು ಕ್ಯಾಮೆರಾಗೋ ಪ್ರತಿಷ್ಠೆಗೋ ಆದರೆ ಆಗಲಿ, ಜೋಡಿಯ ಸುಖ ಅದರಲ್ಲಿಲ್ಲ.

ಕಡಿಮೆ ಬೆಲೆಯ ಗ್ಯಾಲಕ್ಸಿ ಆದರೆ ಅಂಗಡಿಯ ಡೆಮೊ ಫೋನಿನಲ್ಲಿ ಸೆಟ್ಟಿಂಗ್ಸ್, ಕನೆಕ್ಟೆಡ್ ಡಿವೈಸಸ್ ತೆರೆದು ಮೇಲೆ ಹೇಳಿದ ಕರೆಯ ಆಯ್ಕೆ, ಹಾಟ್‌ಸ್ಪಾಟ್ ಪುಟದಲ್ಲಿ ಆಟೋ ಹಾಟ್‌ಸ್ಪಾಟ್, ಎರಡೂ ಇವೆಯೇ ನೋಡಿಕೊಳ್ಳಿ. ಬೇರೆ ಕಂಪನಿಯದಾದರೆ ಗೂಗಲ್ ವಿಭಾಗದ ಕ್ರಾಸ್-ಡಿವೈಸ್ ಸರ್ವಿಸಸ್ ನೋಡಿ. ಕೊಂಡ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ, ಮನೆಯ ವೈಫೈ ಆಫ್ ಮಾಡಿ ಟ್ಯಾಬ್‌ನಿಂದ ಹಾಟ್‌ಸ್ಪಾಟ್ ಸೇರಿ, ಫೋನಿನ ಪರದೆ ಆಫ್ ಮಾಡಿ ಅರ್ಧ ಗಂಟೆ ವಿಡಿಯೊ ಓಡಿಸಿ. ನಡುವೆ ಕಡಿದರೆ ಫೋನಿನ ಬ್ಯಾಟರಿ ಸೇವರ್ ಮತ್ತು 'ಯಾರೂ ಸೇರದಿದ್ದರೆ ಆಫ್' ಎಂಬ ಹಾಟ್‌ಸ್ಪಾಟ್ ಗಡುವು, ಎರಡನ್ನೂ ಸಡಿಲಿಸಿ ಇನ್ನೊಮ್ಮೆ ಓಡಿಸಿ ನೋಡಿ.