ಸೇಬನ್ ಮಾದರಿಯೋ, ಸ್ವಿನ್ನಿ ಮಾದರಿಯೋ?

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರನನ್ನು ಆರಿಸುವವರು ಮೊದಲು ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು.

ನಿಕ್ ಸೇಬನ್ 2024ರಲ್ಲಿ ನಿವೃತ್ತರಾದಾಗ ಅವರ ಬಳಿ ಏಳು ರಾಷ್ಟ್ರೀಯ ಪ್ರಶಸ್ತಿಗಳಿದ್ದವು, ಆರು ಅಲಬಾಮ ವಿಶ್ವವಿದ್ಯಾಲಯದಲ್ಲೇ. ಅಂಕಫಲಕ ಮರೆತು ಕೈಯಲ್ಲಿರುವ ಕೆಲಸವನ್ನಷ್ಟೇ ನೆಟ್ಟಗೆ ಮಾಡಿ ಎಂಬುದು ಅವರ ಪಾಠ. ಶಿಸ್ತಿನ ಮಾತನ್ನು ಎಲ್ಲರೂ ಆಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವರ ಎದೆಗಾರಿಕೆ. 2018ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಜಾರ್ಜಿಯಾ ವಿರುದ್ಧ ಮಧ್ಯಂತರಕ್ಕೆ 0–13 ಹಿನ್ನಡೆ. ಎರಡು ವರ್ಷ ತಂಡ ನಡೆಸಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾನನ್ನು ಕಣಕ್ಕಿಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಎದುರಾಳಿಗಳು ಅವನನ್ನು ಕೆಡವಿದರು, ತಂಡ 16 ಗಜ ಹಿಂದೆ ಸರಿಯಿತು. ಮರುಕ್ಷಣವೇ 41 ಗಜದ ಎಸೆತ, 26–23 ಗೆಲುವು.

ಕ್ಲೆಮ್ಸನ್ ವಿಶ್ವವಿದ್ಯಾಲಯದ ತರಬೇತುದಾರ ಡಾಬೊ ಸ್ವಿನ್ನಿ ಬೇರೆ ಜಾಯಮಾನದವರು. ಆಟಗಾರರಾಗಿದ್ದಾಗ ವಿದ್ಯಾರ್ಥಿವೇತನದ ಆಹ್ವಾನವಿಲ್ಲದೆ ತಾವೇ ಬಂದು ತಂಡ ಸೇರಿದ್ದವರು. 2017ರ ಫೈನಲ್‌ನಲ್ಲಿ ಇನ್ನೊಂದೇ ಸೆಕೆಂಡ್ ಉಳಿದಿದ್ದಾಗ ಸೇಬನ್‌ರ ತಂಡವನ್ನು 35–31ರಿಂದ ಮಣಿಸಿದ ಚೆಂಡು ಹಿಡಿದ ಹಂಟರ್ ರೆನ್‌ಫ್ರೋ ಕೂಡ ಹಾಗೆಯೇ ಬಂದವನು. ಕಡೆಗಣಿಸಿದವರಲ್ಲಿ ಕಸುವು ಕಾಣುವ ಕಣ್ಣು ಇದು. ಆದರೆ ಬೇರೆ ಕಾಲೇಜುಗಳಿಂದ ವರ್ಗವಾಗಿ ಬರುವ ಆಟಗಾರರನ್ನು ತೆಗೆದುಕೊಳ್ಳಲು ಅವರು ಬಹುಕಾಲ ಹಿಂಜರಿದರು. ಈಗಿನ ಪೈಪೋಟಿಯಲ್ಲಿ ಆ ಹಟ ದುಬಾರಿ.

ಸಿಬ್ಬಂದಿ, ಹಣ ಎರಡೂ ದಂಡಿಯಾಗಿದ್ದರೆ ಸೇಬನ್ ಥರದವರನ್ನು ಹುಡುಕಿ. ಸಣ್ಣ ಊರು, ಕಾಯುವ ತಾಳ್ಮೆ ಇದ್ದರೆ ನನ್ನ ಮತ ಸ್ವಿನ್ನಿ ಥರದವರಿಗೆ.