ಎಸ್‌ಝಡ್2080 ರೆಸಿನ್: ಬಳಸಿ ನೋಡಿದ ಮೇಲೆ

ಎರಡು-ಫೋಟಾನ್ ಲೇಸರ್‌ನಲ್ಲಿ, ಅಂದರೆ ಬೆಳಕಿನ ಎರಡು ಕಣಗಳನ್ನು ಒಟ್ಟಿಗೆ ಹೀರಿದ ಜಾಗದಲ್ಲಷ್ಟೇ ರೆಸಿನ್ ಎಂಬ ದ್ರವ್ಯವನ್ನು ಗಟ್ಟಿಮಾಡಿ, ಸೂಕ್ಷ್ಮ ರಚನೆಗಳನ್ನು ಮಾಡುವವರಿಗೆ ಅದರ ಕುಗ್ಗುವಿಕೆ ದೊಡ್ಡ ತಲೆನೋವು. ಸಾಮಾನ್ಯ ಅಕ್ರಿಲೇಟ್ ರೆಸಿನ್‌ನಲ್ಲಿ ಸೌದೆ ಒಟ್ಟಿದ ಹಾಗೆ ಕಡ್ಡಿ ಮೇಲೆ ಕಡ್ಡಿ ಜೋಡಿಸಿದರೆ, ಬುಡ ಗಾಜಿಗೆ ಅಂಟಿ ಅಗಲವಾಗಿಯೇ ಉಳಿಯುತ್ತದೆ, ತುದಿ ಮಾತ್ರ ಒಳಕ್ಕೆ ಸೆಳೆದುಕೊಳ್ಳುತ್ತದೆ. ನೇರ ಗೋಡೆ ಬೇಕಾದವರಿಗೆ ಅದು ಸುಮ್ನೆ ವ್ಯರ್ಥ.

ಎಸ್‌ಝಡ್2080 ಇದಕ್ಕೆ ನಿಜವಾದ ಉತ್ತರ. ಗ್ರೀಸ್‌ನ ಕ್ರೀಟ್ ದ್ವೀಪದ ಫೋರ್ತ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸಿಲಿಕಾನ್-ಜಿರ್ಕೋನಿಯಂ ಮಿಶ್ರಣ ಇದು. 2008ರಲ್ಲಿ ಇದರ ಪ್ರಬಂಧ ಬಂತು. ಬೆಳಕು ಬೀಳುವ ಮೊದಲೇ ಇದರೊಳಗೆ ಗಾಜಿನಂಥ ಜಾಲ ಅರ್ಧ ಕಟ್ಟಿಕೊಂಡಿರುತ್ತದೆ. ಲೇಸರ್ ಉಳಿದ ಮೆಥಾಕ್ರಿಲೇಟ್ ಎಂಬ ಅಣು-ಕೊಂಡಿಗಳನ್ನಷ್ಟೇ ಬೆಸೆಯುತ್ತದೆ. ಅಣುಗಳು ಹತ್ತಿರ ಸರಿಯುವುದು ಕಡಿಮೆ, ಹಾಗಾಗಿ ಕುಗ್ಗುವುದೂ ಕಡಿಮೆ. ನನ್ನ ಚೌಕದ ಮೂಲೆಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೌಕವಾಗಿಯೇ ಕಂಡವು. ಅದನ್ನು ನೋಡುವ ಖುಷಿಯೇ ಬೇರೆ!

ಬರೆಯುವ ಮೊದಲೇ ರೆಸಿನ್ ಹನಿ ಒಣಗಿ ಗಟ್ಟಿ ಜೆಲ್ ಆಗುವುದು ನನಗೆ ಇನ್ನೂ ಇಷ್ಟ. ಲೇಸರ್‌ನಲ್ಲಿ ಬರೆಯುವಾಗ ಬಿಡಿ ಭಾಗಗಳು ತೇಲಿ ಹೋಗುವುದಿಲ್ಲ. ಆದರೆ ಆ ಒಣಗುವಿಕೆಗೆ ತಾಳ್ಮೆ ಬೇಕು. ಅವಸರ ಮಾಡಿದರೆ ಜೆಲ್ ಒಳಗೆ ಮೆತ್ತಗೇ ಇರುತ್ತದೆ.

ಈ ರಚನೆಗಳ ಮೇಲೆ ಜೀವಕೋಶ ಬೆಳೆಸುವವರು ಗಮನಿಸಿ: ಕೆಲವು ಫೋಟೋಇನಿಷಿಯೇಟರ್ (ಬೆಳಕು ಬಿದ್ದಾಗ ಗಟ್ಟಿಯಾಗುವಿಕೆ ಶುರುಮಾಡುವ ರಾಸಾಯನಿಕ) ಬೆರೆಸಿದರೆ ರಚನೆಯೇ ಹೊಳೆಯುತ್ತದೆ, ಕೋಶಗಳನ್ನು ಹೊಳೆಯಿಸಿ ತೆಗೆಯುವ ಫ್ಲೋರೆಸೆನ್ಸ್ ಚಿತ್ರ ಕೆಡುತ್ತದೆ.

ತೆಳ್ಳಗಿನ ಎತ್ತರದ ಕಂಬಗಳಿಗೆ ರೆಸಿನ್ ಒಂದೇ ಸಾಲದು. ಗಟ್ಟಿಯಾಗದ ರೆಸಿನ್ ತೊಳೆದ ದ್ರವ ಆರುವಾಗ ಅದರ ಮೇಲ್ಮೈ ಸೆಳೆತಕ್ಕೇ ಕಂಬಗಳು ಬಾಗುತ್ತವೆ. ಅಲ್ಲಿ ಆ ಸೆಳೆತವಿಲ್ಲದೆ ಒಣಗಿಸುವ ಕ್ರಿಟಿಕಲ್ ಪಾಯಿಂಟ್ ಡ್ರೈಯರ್ ಯಂತ್ರ ಬಳಸಿ. ಈ ರೆಸಿನ್ ಬೆಲೆ ಜಾಸ್ತಿಯೇ, ಆದರೂ ಆಕಾರ ಮುಖ್ಯವಾದ ಕೆಲಸಕ್ಕೆ ನಾನು ಬೇರೆಯದನ್ನು ಕೊಳ್ಳುವುದಿಲ್ಲ.